ಐಬು ಹೇಳಿ ಟಿಕೀಟು ಮಾರಿದವರು

ಕಾಕಾ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ, ಅದೂ ಮಣ್ಣಾಗಿ ವಾರ ಕಳೆದ ಮೇಲೆ. ಹೇಳಿದವನು ನನ್ನ ಹಳೆಯ ವಿದ್ಯಾರ್ಥಿ, ಈಗ ಬಸ್ಸಿನ ಕಂಡಕ್ಟರ್. "ಟಾಕೀಸ್ ಕಾಕಾ ಹೋದ್ರರಿ ಸರ," ಎಂದು ಟಿಕೀಟು ಹರಿದು ಕೊಡುತ್ತಲೇ ಹೇಳಿದ. ನಾನು ಏನೋ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನೇ ಮುಂದುವರಿಸಿದ. "ಗುಣ ಏನಂದ್ರ, ನಿದ್ದಿಯೊಳಗ ಹೋದ್ರು. ಐಬು ಏನಂದ್ರ, ಯಾರಿಗೂ ಹೇಳಿ ಹೋಗಲಿಲ್ಲ." ಹಿಂದಿನ ಸೀಟಿನಲ್ಲಿದ್ದ ಮುದುಕರಿಬ್ಬರು ನಕ್ಕರು. ನನಗೂ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಸತ್ತವರ ಸುದ್ದಿಯನ್ನು ಸತ್ತವರದೇ ಧಾಟಿಯಲ್ಲಿ ಹೇಳುವಷ್ಟು ಒಬ್ಬ ಮನುಷ್ಯ ನಾಲ್ಕು ತಾಲೂಕಿನ ನಾಲಿಗೆಗೆ ಹತ್ತಿಕೊಂಡಿದ್ದ ಎಂದರೆ ಅದು ಸಣ್ಣ ಮಾತಲ್ಲ.

ಅವರ ಹೆಸರು ನನಗೆ ಗೊತ್ತು. ಆದರೆ ಆ ಹೆಸರು ಹಿಡಿದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳಲ್ಲಿ ವಿಚಾರಿಸಿದ್ದರೆ ಯಾರೂ ಅವರ ಮನೆ ತೋರಿಸುತ್ತಿರಲಿಲ್ಲ. ಟಾಕೀಸ್ ಕಾಕಾ ಎಂದರೆ ಕೈಹಿಡಿದು ಕರೆದುಕೊಂಡು ಹೋಗಿ ಬಿಡುತ್ತಿದ್ದರು. ಆದ್ದರಿಂದ ನನಗೂ ಅವರು ಇಲ್ಲಿ ಕಾಕಾ ಮಾತ್ರ.

ಎಪ್ಪತ್ತರ ದಶಕದಲ್ಲಿ ನಾನು ಸಿಂದಗಿಯ ಹೈಸ್ಕೂಲಿಗೆ ಇಂಗ್ಲಿಷ್ ಮಾಸ್ತರನಾಗಿ ಬಂದಾಗ ಈ ನಾಲ್ಕೂ ಊರುಗಳನ್ನು ಸುತ್ತುವ ಒಂದು ಟೂರಿಂಗ್ ಟಾಕೀಸ್ ಇತ್ತು. ಒಂದೊಂದು ಊರಿನಲ್ಲಿ ಕೆಲವು ತಿಂಗಳು ಡೇರೆ ಹೊಡೆದು, ಲೈಸನ್ಸ್ ಮುಗಿದ ಕೂಡಲೇ ಕಂಬ, ಪರದೆ, ಮಷೀನು ಎಲ್ಲವನ್ನೂ ಲಾರಿಗೆ ಹೇರಿಕೊಂಡು ಮುಂದಿನ ಊರಿಗೆ ಹೋಗುತ್ತಿತ್ತು. ಕಾಕಾ ಅದರಲ್ಲಿ ಪ್ರಚಾರದವರು. ಟಾಂಗಾದ ಎರಡೂ ಬದಿಗೆ ಚಿತ್ರದ ಪೋಸ್ಟರು ಕಟ್ಟಿ, ಮೈಕು ಹಿಡಿದು, ಸುತ್ತಲಿನ ಹಳ್ಳಿಗಳಿಗೆಲ್ಲ ಹೋಗಿ ಸಾರಿ ಬರುವುದು ಅವರ ಕೆಲಸ. ಆ ಕೆಲಸ ಮಾಡುವವರು ಎಲ್ಲ ಕಡೆಯೂ ಇದ್ದರು. ಎಲ್ಲರೂ ತಮ್ಮ ಚಿತ್ರವನ್ನು ಹೊಗಳುತ್ತಿದ್ದರು. ನಾನು ಕಂಡ ಮಟ್ಟಿಗೆ, ತಾವು ಟಿಕೀಟು ಮಾರುವ ಚಿತ್ರದ ಕೊರತೆಯನ್ನೂ ಅದೇ ಮೈಕಿನಲ್ಲಿ ಹೇಳುತ್ತಿದ್ದವರು ಇವರೊಬ್ಬರೇ.

ಅದಕ್ಕೆ ಕಾರಣ ಅವರ ತಂದೆ. ಅವರು ಇಂಗಳೇಶ್ವರದವರು, ದನದ ಸಂತೆಯ ದಲ್ಲಾಳಿ. ಆ ದಲ್ಲಾಳಿಗಳಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿ ಇತ್ತಂತೆ. ಎತ್ತಿನ ಹಗ್ಗವನ್ನು ಕೊಳ್ಳುವವನ ಕೈಗೆ ಕೊಡುವ ಮೊದಲು ನಾಲ್ಕು ಜನರ ಎದುರಿಗೆ ಅದರ ಗುಣವನ್ನು ಹೇಳಬೇಕು, ಆಮೇಲೆ ಐಬನ್ನೂ, ಅಂದರೆ ದೋಷವನ್ನೂ, ಹೇಳಬೇಕು. ಹಾಯುತ್ತದೆಯೋ, ನೀರು ಕಂಡರೆ ಬೆದರುತ್ತದೆಯೋ, ಎಡಗಾಲು ಎಳೆಯುತ್ತದೆಯೋ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಹೇಳಿದ ಐಬಿಗೆ ಕೊಂಡವನು ಜವಾಬ್ದಾರ. ಹೇಳದೆ ಮುಚ್ಚಿಟ್ಟ ಐಬು ಮುಂದೆ ಯಾವಾಗ ಹೊರಬಿದ್ದರೂ ಕೊಂಡವನು ಎತ್ತು ಹೊಡೆದುಕೊಂಡು ಮನೆ ಬಾಗಿಲಿಗೆ ಬರಬಹುದು. ಮಾರಿದವನು ಎದುರು ಮಾತಾಡದೆ ಹಗ್ಗ ಹಿಡಿದುಕೊಳ್ಳಬೇಕು. ಕಾಕಾನಿಗೆ ದನದ ವ್ಯಾಪಾರ ಒಗ್ಗಲಿಲ್ಲ, ಸಿನೆಮಾದ ಹುಚ್ಚು ಹಿಡಿಯಿತು. ಆದರೆ ಬಾಯಿ ಮಾತ್ರ ತಂದೆಯದೇ ಉಳಿಯಿತು.

"ಮಂದಿ ಬಂಡಿ ಹೂಡಿಕೊಂಡು ಬರ್ತಾರ್ರಿ ಮಾಸ್ತರ," ಎಂದು ನನಗೆ ಒಮ್ಮೆ ಹೇಳಿದ್ದರು. "ಮೂರು ತಾಸು ಅವರ ಕಣ್ಣು ನಮ್ಮ ಕೈಯಾಗ ಕೊಡ್ತಾರ. ಐಬು ಹೇಳಲಿಲ್ಲಂದ್ರ ಅದು ಮೋಸ ಅಲ್ಲೇನ್ರಿ?"

ಈ ಚಟ ಸಿನೆಮಾಕ್ಕೆ ಮಾತ್ರ ನಿಲ್ಲಲಿಲ್ಲ ಎನ್ನುವುದೇ ತೊಂದರೆ. ಮದುವೆ ಊಟಕ್ಕೆ ಕರೆದವರು ಪಂಕ್ತಿಯಲ್ಲಿ ಅವರ ಮುಂದೆ ಹಾಯುವಾಗ ಕಣ್ಣು ತಪ್ಪಿಸುತ್ತಿದ್ದರು. ತಂಗಿಯ ಮಗನಿಗೆ ಹೆಣ್ಣು ನೋಡಲು ಹೋಗಿದ್ದಾಗ ಬೀಗರ ಪಡಸಾಲೆಯಲ್ಲಿ ಕೂತು, "ಹುಡುಗ ದುಡಿಯಾಂವ, ಕುಡಿಯೂದಿಲ್ಲ. ಐಬು ಅಂದ್ರ ಸಿಟ್ಟು ಬಂದ್ರ ಎರಡು ದಿನ ಮಾತಾಡೂದಿಲ್ಲ," ಎಂದುಬಿಟ್ಟರು. ಹುಡುಗಿಯ ಅಜ್ಜಿ, "ಹಂಗಾದ್ರ ಮನಿ ಶಾಂತ ಇರ್ತೈತಿ," ಎಂದದ್ದರಿಂದ ಸಂಬಂಧ ಉಳಿಯಿತು. ನನ್ನನ್ನೂ ಬಿಡಲಿಲ್ಲ. ಡೇರೆ ಸಿಂದಗಿಯಲ್ಲಿದ್ದಾಗ ಅವರ ಬಾಡಿಗೆ ಕೋಣೆ ನನ್ನ ಕೋಣೆಗೆ ಅಂಟಿಕೊಂಡೇ ಇತ್ತು. ಒಂದು ದಿನ ನನ್ನ ತರಗತಿಯ ಕಿಟಕಿಯ ಹೊರಗೆ ನಿಂತು ಪಾಠ ಕೇಳಿದ್ದರು. ಸಂಜೆ ಕರೆದು, "ದನಿ ಚಲೋ ಐತಿ, ಮಾಸ್ತರ. ಐಬು ಏನಂದ್ರ, ನೀವು ಗ್ವಾಡಿಗೆ ಪಾಠ ಹೇಳ್ತೀರಿ, ಹುಡುಗರಿಗಲ್ಲ," ಎಂದರು. ನನಗೆ ಮೈಯೆಲ್ಲ ಉರಿಯಿತು. ಮರುದಿನದಿಂದ ಗೋಡೆ ಬಿಟ್ಟು ಹುಡುಗರ ಮುಖ ನೋಡಿ ಪಾಠ ಮಾಡತೊಡಗಿದೆ ಎನ್ನುವುದು ಬೇರೆ ಮಾತು.

ಅವರ ಐಬುಗಳನ್ನೂ ಹೇಳಬೇಕು. ಇಲ್ಲದಿದ್ದರೆ ಅವರ ಬಗ್ಗೆ ಬರೆದು ಏನು ಬಂತು. ಒಣ ಜಂಬದ ಮನುಷ್ಯ. ಹಳದಿ ರುಮಾಲು ಸುತ್ತಿ, ಮೀಸೆಗೆ ಎಣ್ಣೆ ತೀಡಿಕೊಂಡ ಹೊರತು ಟಾಂಗಾ ಹತ್ತುತ್ತಿರಲಿಲ್ಲ. ತಮ್ಮ ದನಿಯನ್ನು ತಾವೇ ಮೆಚ್ಚಿಕೊಂಡು ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತಿದ್ದರು. ವಾದದಲ್ಲಿ ಸೋತದ್ದನ್ನು ನಾನು ನೋಡಿದ್ದು ಒಂದೇ ಸಲ. ಓದು ಬರಹ ಅಷ್ಟಕ್ಕಷ್ಟೇ ಆದರೂ ಪ್ರಪಂಚದ ಯಾವ ವಿಷಯದ ಬಗ್ಗೆಯೂ ಗೊತ್ತಿಲ್ಲ ಎಂಬ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ.

ಇನ್ನು ಆ ಆಕಾಶದ ಚಿತ್ರದ ಸಂಗತಿ.

ಇಂಗ್ಲಿಷ್ ಚಿತ್ರ, ಹಿಂದಿ ಮಾತು ಕೂಡಿಸಿದ್ದು. ಅದರ ಮೊದಲ ಭಾಗ ಹಿಂದಿನ ವರ್ಷವೇ ನಮ್ಮ ಕಡೆ ಬಂದು ಹೋಗಿತ್ತು. ಯಾವುದೋ ಒಂದು ಲೋಕದ ಸೂರ್ಯ ಆರುತ್ತ ಬಂದಿರುತ್ತಾನೆ. ಅಲ್ಲಿಯ ಜನ ಒಂದು ಊರಿನಷ್ಟು ದೊಡ್ಡ ಹಡಗು ಕಟ್ಟಿ, ಬೀಜ, ದನ, ಮಕ್ಕಳನ್ನೆಲ್ಲ ತುಂಬಿಕೊಂಡು ಹೊಸ ನೆಲ ಹುಡುಕಿ ಆಕಾಶಕ್ಕೆ ಹೊರಡುತ್ತಾರೆ. ಹಡಗು ಮೇಲೇಳುವಲ್ಲಿಗೆ ಕಥೆ ಮುಗಿಯುತ್ತದೆ. ಹೊರಟವರು ಹೊರಟರು, ಉಳಿದವರು ಕೈಬೀಸಿದರು, ನಮ್ಮವರೂ ಸಮಾಧಾನವಾಗಿ ಎದ್ದು ಬಂಡಿ ಹೂಡಿದರು. "ಗುಣ, ಹಡಗ ಏಳೂದು ನೋಡಿದ್ರ ಎದಿ ಜುಮ್ ಅಂತೈತಿ. ಐಬು, ಅದು ಏಳೂತನ ನಿಮಗ ಆಕಳಿಕಿ ಬರ್ತಾವ," ಎಂದು ಕಾಕಾ ಸಾರಿದ್ದರು. ಜನ ಆಕಳಿಸಿದರು, ಎದೆಯೂ ಜುಮ್ಮೆಂದಿತು, ಯಾರೂ ದೂರಲಿಲ್ಲ.

ಎರಡನೇ ಭಾಗ ಸೊಲ್ಲಾಪುರಕ್ಕೆ ಬಂದಾಗ ಕಾಕಾ ನನ್ನನ್ನೂ ಕರೆದುಕೊಂಡು ಹೋದರು. ತಾವು ನೋಡದ ಚಿತ್ರವನ್ನು ಅವರು ಸಾರುತ್ತಿರಲಿಲ್ಲ. ನೋಡಿ ಬಂದು ಎದುರಿನ ಚಹಾದಂಗಡಿಯಲ್ಲಿ ಕೂತೆವು. ಒಳ್ಳೆಯ ಎತ್ತು ಕಂಡ ದಲ್ಲಾಳಿಗೆ ಮಾತು ತಡವರಿಸುತ್ತದಂತೆ. ಕಾಕಾ ಎರಡು ಕಪ್ಪು ಚಹಾ ಕುಡಿದರು. ಆಮೇಲೆ ಗುಣ ಹೇಳತೊಡಗಿದರು. ಚಿತ್ರ ಮೊದಲನೆಯದಕ್ಕಿಂತ ದೊಡ್ಡದು. ಆ ಹಡಗಿನಲ್ಲೇ ಹುಟ್ಟಿ ನೆಲವನ್ನೇ ಕಾಣದ ಮಂದಿಯ ಕಥೆ ಅದು. ಹಡಗಿನ ಹೊಟ್ಟೆಯಲ್ಲಿ ಒಂದೇ ಒಂದು ಹೊಲ ಇದೆ. ಅಲ್ಲೊಬ್ಬ ಮುದುಕಿ ದಿನಾ ಬಂದು ಒಂದು ಹಿಡಿ ಮಣ್ಣು ತೆಗೆದು ಮೂಸಿ ನೋಡುತ್ತಾಳೆ. "ಆಕಿ ಮಣ್ಣ ಮೂಸೂದು ಸಾಕ್ರಿ. ಯುದ್ಧ ಗಿದ್ಧ ಬೇಕಾಗಿದ್ದಿಲ್ಲ," ಎಂದರು ಕಾಕಾ. ಅದು ನನ್ನ ಅಭಿಪ್ರಾಯವೂ ಆಗಿತ್ತು.

ಐಬಿನಲ್ಲಿ ನಮಗೆ ಜಗಳವಾಯಿತು. ಪಾತ್ರಗಳು ವಿಪರೀತ, ಎಲ್ಲರಿಗೂ ಒಂದೇ ನಮೂನೆಯ ಬೂದಿ ಬಣ್ಣದ ಅಂಗಿ, ಯಾರು ಯಾರೆಂದು ತಿಳಿಯುವಷ್ಟರಲ್ಲಿ ಅರ್ಧ ಮಂದಿ ಸತ್ತಿರುತ್ತಾರೆ ಎನ್ನುವುದಕ್ಕೆ ಇಬ್ಬರೂ ಒಪ್ಪಿದೆವು. ಖಳನಾಯಕ ಬರೀ ಮಾತಿನ ಮಲ್ಲ ಎನ್ನುವುದಕ್ಕೂ ಒಪ್ಪಿದೆವು. ಆದರೆ ಒಬ್ಬ ಯುವಕ ಹಡಗಿನಿಂದ ಜಾರಿ ಆಕಾಶದಲ್ಲಿ ದೂರ ದೂರ ತೇಲಿಹೋಗುವಾಗ ಸದ್ದೇ ಇರಲಿಲ್ಲ. ಅದು ಐಬೆಂದು ಕಾಕಾ ಹಟ ಹಿಡಿದರು.

"ಅಲ್ಲಿ ಗಾಳಿ ಇಲ್ಲ ಕಾಕಾ. ಗಾಳಿ ಇಲ್ಲಂದ್ರ ಸದ್ದೂ ಇಲ್ಲ," ಎಂದೆ.

"ಗಾಳಿ ಇಲ್ಲಂದ್ರ ಏನಾತು, ಬಿದ್ದಾಂವ ಚೀರೂದಿಲ್ಲೇನ್ರಿ? ಮಷೀನ್ ಕೆಟ್ಟೈತಿ, ಮುಚ್ಚಿಕೊಂಡಾರ," ಎಂದು ಅವರು ಮಾತು ಮುಗಿಸಿಬಿಟ್ಟರು.

ಎಲ್ಲಕ್ಕಿಂತ ದೊಡ್ಡ ಐಬನ್ನು ಇಬ್ಬರೂ ಕೊನೆಗೆ ಇಟ್ಟುಕೊಂಡಿದ್ದೆವು. ಹಡಗು ಹೊಸ ನೆಲಕ್ಕೆ ಬಂದು ಮುಟ್ಟುತ್ತದೆ. ಆ ಮುದುಕಿಯ ಮೊಮ್ಮಗಳು ಬಾಗಿಲ ಮೇಲೆ ಕೈ ಇಡುತ್ತಾಳೆ. ಅಷ್ಟಕ್ಕೇ ಪರದೆ ಕಪ್ಪಾಗುತ್ತದೆ. ಉಳಿದದ್ದು ಮೂರನೇ ಭಾಗಕ್ಕೆ. ಮೂರು ತಾಸು ಕೂತವರಿಗೆ ಬಾಗಿಲಾಚೆ ಏನಿದೆ ಎಂದು ಗೊತ್ತಾಗುವುದಿಲ್ಲ. "ಇದನ್ನ ಹೇಳಾಕ ಬೇಕ್ರಿ," ಎಂದರು ಕಾಕಾ. "ಕಥಿ ಕೇಳಾಕ ಬಂದವರನ್ನ ಹೊಸ್ತಿಲದಾಗ ನಿಲ್ಲಿಸಿ ಕಳಸೂದಂದ್ರ ಸಣ್ಣ ಐಬಲ್ಲ."

ಆದರೆ ಡೇರೆಯ ಮಾಲಕಿ ಹೇಳಬೇಡಿ ಎಂದರು. ಗಂಡ ತೀರಿಕೊಂಡ ಮೇಲೆ ಆ ಟಾಕೀಸನ್ನು ಹಟ ಹಿಡಿದು ನಡೆಸುತ್ತಿದ್ದ ಹೆಣ್ಣುಮಗಳು. ಕಾಕಾ ಅವರನ್ನು ಅಕ್ಕಾರ ಎಂದು ಕರೆಯುತ್ತಿದ್ದರು. ಆಗ ಸಿಂದಗಿಯಲ್ಲಿ ತಗಡಿನ ಮಾಡಿನ ಪಕ್ಕಾ ಥಿಯೇಟರಿನ ಗೋಡೆ ಏಳುತ್ತಿತ್ತು. ಡೇರೆಗೆ ಇನ್ನು ಮುಂದೆ ದೊಡ್ಡ ಚಿತ್ರ ಕೊಡಬೇಕೋ ಬೇಡವೋ ಎಂದು ನೋಡಲು ಹುಬ್ಬಳ್ಳಿಯ ವಿತರಕರ ಮನುಷ್ಯ ಮೊದಲ ದಿನದ ಆಟಕ್ಕೆ ಬರುವವನಿದ್ದ. ನಾನು ಕಾಕಾನನ್ನು ಚಹಾಕ್ಕೆ ಕರೆಯಲು ಹೋದಾಗ ಅಕ್ಕಾರು ಡೇರೆಯ ಬಾಯಲ್ಲಿ ನಿಂತು ಅವರೊಡನೆ ಮಾತಾಡುತ್ತಿದ್ದರು.

"ಕಥಿ ಮುಗಿಯೂದಿಲ್ಲಂತ ನೀವ ಸಾರಿದ್ರ ದೇವಣಗಾಂವದಿಂದ ಬಂಡಿ ಯಾಕ ಬರ್ತಾವ್ರಿ?" ಎಂದರು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಇದೊಂದ ಸಲ ಅದೊಂದ ಮಾತು ನುಂಗ್ರಿ. ಈ ಡೇರೆ ಎದ್ದು ಹೋದ್ರ ನನ್ನ ಜೋಡಿ ಹದಿನೈದು ಮಂದಿ ಮನ್ಯಾಗ ಕೂಡಬೇಕಾಗ್ತೈತಿ. ನೀವೂ ಅದರಾಗ ಇದ್ದೀರಿ."

 ಕಾಕಾ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು.

ಮರುದಿನ ಟಾಂಗಾ ನಮ್ಮ ಶಾಲೆಯ ಮುಂದೆ ಹಾಯ್ದಾಗ ನಾನು ಪಾಠ ನಿಲ್ಲಿಸಿ ಬಾಗಿಲಿಗೆ ಬಂದೆ. ಗುಣವೆಲ್ಲ ಹೇಳಿದರು, ಮಣ್ಣು ಮೂಸುವ ಮುದುಕಿಯನ್ನಂತೂ ಎರಡು ಸಲ ಹೇಳಿದರು. ಆಮೇಲೆ ಐಬು. "ಮಂದಿ ಬಾಳ, ಅಂಗಿ ಒಂದ ನಮೂನಿ, ಗುರ್ತಾ ಹಿಡಿಯಾಕ ತ್ರಾಸ ಐತಿ. ಹಾಡಿಲ್ಲ. ನಡುವ ಸ್ವಲ್ಪ ಹೊತ್ತು ಸದ್ದು ಇರೂದಿಲ್ಲ, ಯಾರೂ ಸೀಟಿ ಹೊಡೀಬ್ಯಾಡ್ರಿ." ನಾನು ಇನ್ನೊಂದು ಮಾತಿಗೆ ಕಾದೆ. ಮೈಕು ಒಮ್ಮೆ ಗೊರಗುಟ್ಟಿತು. ಟಾಂಗಾ ಓಣಿಯಲ್ಲಿ ತಿರುಗಿ ದೇವಣಗಾಂವದ ರಸ್ತೆ ಹಿಡಿಯಿತು.

ಮೊದಲ ದಿನ ಸಂಜೆಯ ಆಟಕ್ಕೆ ಡೇರೆ ತುಂಬಿ ಹೊರಗೂ ಮಂದಿ ನಿಂತರು. ಹುಬ್ಬಳ್ಳಿಯವನಿಗೆ ಕುರ್ಚಿ ಸಿಗುವುದೇ ಕಷ್ಟವಾಯಿತು. ದೇವಣಗಾಂವದಿಂದ ಬಂದವರಲ್ಲಿ ಎಲ್ಲರೂ ಆಯಿ ಎನ್ನುವ ಒಬ್ಬಳು ಮುದುಕಿ ಇದ್ದಳು, ಎಲ್ಲ ಚಿತ್ರಕ್ಕೂ ರೊಟ್ಟಿಯ ಗಂಟು ಕಟ್ಟಿಕೊಂಡು ಬಂದು ನೆಲದ ಮೇಲೆ ಮುಂದಿನ ಸಾಲಿನಲ್ಲೇ ಕೂಡುವವಳು. ಚಿತ್ರ ನಡೆಯಿತು. ಬೂದಿ ಅಂಗಿಯವರು ಬಂದಾಗ ಗದ್ದಲವಾಯಿತು. ಆಯಿ ಮಾತ್ರ ಮಣ್ಣು ಮೂಸುವ ಮುದುಕಿಯನ್ನು ಕಂಡು, "ನೋಡ, ನಮ್ಮಂಥಾಕಿ," ಎಂದು ಪಕ್ಕದವರ ತೊಡೆ ತಟ್ಟಿದಳು. ಆ ಯುವಕ ತೇಲಿಹೋಗುವ ದೃಶ್ಯ ಬಂತು. ಸೀಟಿ ಇಲ್ಲ, ಕೆಮ್ಮು ಇಲ್ಲ. ಹೊರಗಿನ ಜನರೇಟರ್ ಒಂದೇ ಕೇಳುತ್ತಿತ್ತು. ಕಂಬಕ್ಕೆ ಒರಗಿ ನನ್ನ ಪಕ್ಕ ನಿಂತಿದ್ದ ಕಾಕಾ ಕಿವಿಯ ಹತ್ತಿರ ಬಾಗಿ, "ಮಾಸ್ತರ, ಇದು ಐಬಲ್ಲರಿ. ಗುಣ," ಎಂದರು. ವಾದದಲ್ಲಿ ಅವರು ಸೋತದ್ದು ಅದೊಂದೇ ಸಲ.

ಹುಡುಗಿ ಬಾಗಿಲ ಮೇಲೆ ಕೈ ಇಟ್ಟಳು. ಪರದೆ ಕಪ್ಪಾಯಿತು. ದೀಪ ಹತ್ತಿದವು.

ಕಲ್ಲು ಬೀಳುತ್ತವೆ ಎಂದುಕೊಂಡಿದ್ದೆ ನಾನು. ಹುಬ್ಬಳ್ಳಿಯವನೂ ಅಷ್ಟೇ, ಎದ್ದು ಹಿಂಬಾಗಿಲಿನತ್ತ ಸರಿದಿದ್ದ. ಆದರೆ ಯಾರೂ ಏಳಲಿಲ್ಲ, ಯಾರೂ ಕೂಗಲಿಲ್ಲ. ಗಂಡಸರು ಎಲೆ ಅಡಿಕೆ ಚೀಲ ತೆಗೆದರು. ಹೆಂಗಸರು ಮಕ್ಕಳನ್ನು ಮಡಿಲಿನಲ್ಲಿ ಸರಿಮಾಡಿ ಮಲಗಿಸಿಕೊಂಡರು. ಆಯಿ ಗಂಟು ಬಿಚ್ಚಿ ಉಳಿದಿದ್ದ ರೊಟ್ಟಿ ಹಂಚತೊಡಗಿದಳು. ರೀಲು ಬದಲಿಸುತ್ತಿದ್ದಾರೆ ಎಂದು ಎಲ್ಲರೂ ತಿಳಿದಿದ್ದರು. ಗೇಟಿನವನು ಬಂದು ಚಿತ್ರ ಮುಗಿಯಿತು, ಏಳಿ ಎಂದ. ಮುಂದಿನ ಸಾಲಿನ ಒಬ್ಬ ರೈತ ತಲೆ ಎತ್ತಿ, "ಇಷ್ಟಕ್ಕ ಮುಗಿಯೂದಿದ್ರ ಕಾಕಾ ಹೇಳ್ತಿದ್ದರೋ," ಎಂದು ತನ್ನ ಪಾಡಿಗೆ ಸುಣ್ಣ ಹಚ್ಚಿಕೊಂಡ. ಅವನ ಮಟ್ಟಿಗೆ ಅಲ್ಲಿಗೆ ಮಾತು ಮುಗಿದಿತ್ತು.

ಕಾಕಾನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಬೈದಿದ್ದರೆ ಅವರು ತಿರುಗಿ ಬೈಯುತ್ತಿದ್ದರು, ಅದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆದರೆ ಇವರು ನಂಬಿ ಕೂತಿದ್ದರು. ಅಕ್ಕಾರು ದೂರದಿಂದ, ಹೇಗಾದರೂ ಎಬ್ಬಿಸಿ ಕಳಿಸಿ ಎಂದು ಕೈಸನ್ನೆ ಮಾಡುತ್ತಿದ್ದರು. ಕಾಕಾ ಮೈಕು ತೆಗೆದುಕೊಳ್ಳಲಿಲ್ಲ. ನೆಲದ ಮೇಲೆ ಕೂತವರ ನಡುವೆ ದಾರಿ ಮಾಡಿಕೊಂಡು ಹೋಗಿ ಪರದೆಯ ಮುಂದೆ ನಿಂತರು. ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಬರಿದಲೆಯ ಕಾಕಾನನ್ನು ನಾಲ್ಕು ಮಂದಿಯ ಮುಂದೆ ನಾನು ಅದೇ ಮೊದಲು ನೋಡಿದ್ದು.

"ಚಿತ್ರದಾಗ ಒಂದು ಐಬೈತ್ರಿ," ಎಂದರು. ಅವರ ದನಿ ಹಿಂದಿನ ಸಾಲಿಗೆ ಮುಟ್ಟಲಿಲ್ಲ. ಮತ್ತೆ ಹೇಳಿದರು. "ಕಥಿ ಇಲ್ಲಿಗೆ ಮುಗಿಯೂದಿಲ್ಲ. ಮುಂದ ರೀಲು ಇಲ್ಲ. ಇದು ನನಗ ಮೊದಲ ಗೊತ್ತಿತ್ತು. ಹೇಳಲಿಲ್ಲ."

 ಆಯಿ ರೊಟ್ಟಿಯ ಪುಡಿ ಝಾಡಿಸಿಕೊಂಡು ಎದ್ದಳು. ಆಕೆಯ ಗಂಡನೂ ಕಾಕಾನ ತಂದೆಯ ಕೈಯಿಂದ ಎತ್ತು ಕೊಂಡವನೇ.

"ನಿಮ್ಮಪ್ಪ ಇದ್ದಿದ್ರ ಏನು ಮಾಡ್ತಿದ್ದ, ತಮ್ಮಾ?" ಎಂದು ಕೇಳಿದಳು.

"ಹಗ್ಗ ಹಿಂದಕ್ಕ ಹಿಡೀತಿದ್ದ, ಆಯಿ."

"ಹಂಗಾದ್ರ ಹಿಡಕೋ. ಎತ್ತು ನಿಂದು. ನಾವು ಕೊಂಡಿಲ್ಲ."

"ಹಿಡದೇನಿ," ಎಂದರು ಕಾಕಾ. "ಮೂರನೇದು ಬಂದ ದಿನ ನಾನ ನೋಡಿಕೊಂಡು ಬಂದು, ನಿಮ್ಮ ಬಾಗಲದಾಗ ನಿಂತು ಕಥಿ ಮುಗಿಸ್ತೇನಿ."

ಜನ ಎದ್ದರು, ಬಂಡಿ ಹೂಡಿದರು, ಹೋದರು. ಮರುದಿನ ಕಾಕಾ ಅಕ್ಕಾರ ಮುಂದೆ ನಿಂತು, ಇನ್ನು ಸಾರುವುದಾದರೆ ಪೂರ್ತಿ ಸಾರುತ್ತೇನೆ, ಬೇಡವಾದರೆ ಟಾಂಗಾ ಬೇರೆಯವರಿಗೆ ಕೊಡಿ ಎಂದರು. ಅಕ್ಕಾರು, ಆಗಲಿ, ಪೂರ್ತಿಯಾಗೇ ಸಾರಿರಿ ಎಂದರು. ಕಥೆ ಮುಗಿಯುವುದಿಲ್ಲ ಎಂದು ಗೊತ್ತಿದ್ದೂ ಮಂದಿ ಬಂದರು, ಮೊದಲ ದಿನದಷ್ಟಲ್ಲ. ಅಂದಿನಿಂದ ಕಾಕಾ ಸಾರುವಾಗ ಐಬು ಮೊದಲು ಬರುತ್ತಿತ್ತು, ಗುಣ ಆಮೇಲೆ. ಪಕ್ಕಾ ಥಿಯೇಟರಿನ ಎದುರು ಡೇರೆ ಹೆಚ್ಚು ಕಾಲ ಬಾಳಲಿಲ್ಲ; ಅದು ಹೇಗಿದ್ದರೂ ಆಗುವುದೇ ಇತ್ತು ಎಂದು ನನಗೆ ಈಗ ಅನಿಸುತ್ತದೆ. ಕೊನೆಯ ಆಟ ಮುದ್ದೇಬಿಹಾಳದಲ್ಲಾಯಿತು. ಕಾಕಾ ಇಂಗಳೇಶ್ವರಕ್ಕೆ ಹೋಗಿ ಒಂದು ಸಣ್ಣ ಕಿರಾಣಿ ಅಂಗಡಿ ಹಾಕಿದರು. ಬೆಲ್ಲದ ಐಬು ಹೇಳಿ ಬೆಲ್ಲ ಮಾರುತ್ತಾರೆ ಎಂದು ಸುದ್ದಿ ಬರುತ್ತಿತ್ತು.

ಆ ದಶಕ ಮುಗಿಯುತ್ತ ಬಂದಿತ್ತು. ಒಂದು ರವಿವಾರ ಮುಂಜಾನೆ ಕಾಕಾ ಹಳದಿ ರುಮಾಲು ಸುತ್ತಿಕೊಂಡು ನನ್ನ ಮನೆಯ ಮುಂದೆ ನಿಂತಿದ್ದರು. ಮೂರನೆಯದು ಸೊಲ್ಲಾಪುರಕ್ಕೆ ಬಂದಿದೆ, ನಿನ್ನೆ ನೋಡಿದೆ, ದೇವಣಗಾಂವಕ್ಕೆ ಹೋಗಬೇಕು, ನಡೆಯಿರಿ ಎಂದರು. ಬಸ್ಸಿನಲ್ಲಿ ನಾನು ಕಥೆ ಏನೆಂದು ಕೇಳಿದೆ. "ಅದು ಆಯಿಯ ಮುಂದರಿ," ಎಂದು ಬಾಯಿ ಮುಚ್ಚಿಕೊಂಡರು.

ಆಯಿ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಕಣ್ಣು ಮಂಜಾಗಿದ್ದವು. ದನಿಯಿಂದಲೇ ಗುರುತು ಹಿಡಿದಳು. ಅಕ್ಕಪಕ್ಕದವರು ನಾಲ್ಕಾರು ಮಂದಿ ಬಂದು ಕೂಡಿದರು. ಕಾಕಾ ಕೂಡಲಿಲ್ಲ, ಕೊಟ್ಟ ಮಾತಿನಂತೆ ಬಾಗಿಲಲ್ಲೇ ನಿಂತು ಹೇಳಿದರು. ಐಬು ಮೊದಲು. ಆ ಹುಡುಗಿಯ ಪಾತ್ರಕ್ಕೆ ಬೇರೆ ಯಾರನ್ನೋ ಹಾಕಿದ್ದಾರೆ, ಮುಖ ಹೊಂದುವುದಿಲ್ಲ. ಮಣ್ಣು ಮೂಸುವ ಮುದುಕಿ ಸತ್ತದ್ದನ್ನು ಒಂದು ಮಾತಿನಲ್ಲಿ ಹೇಳಿ ಕೈ ತೊಳೆದುಕೊಂಡಿದ್ದಾರೆ. ಆಯಿ ಅದಕ್ಕೆ ತುಟಿ ಕಚ್ಚಿದಳು.

"ಬಾಗಲಾ ತೆರೀತೇನು?"

"ತೆರೀತು, ಆಯಿ."

"ಹೊರಗ ನೆಲಾ ಇತ್ತೇನು? ಎರಿ ನೆಲಾನೋ, ಮಸಾರಿನೋ?"

ಕಪ್ಪು ನೆಲವೋ ಕೆಂಪು ನೆಲವೋ ಎಂದು ಕೇಳುತ್ತಿದ್ದಾಳೆ. ಎರಿ ಎಂದು ಒಂದು ಮಾತು ಹೇಳಿದ್ದರೆ ಆ ಮುದುಕಿಯ ಜೀವಕ್ಕೆ ಎಷ್ಟು ಹಿತವಾಗುತ್ತಿತ್ತೋ. ಕಾಕಾ ರುಮಾಲಿಗೆ ಕೈ ಹಚ್ಚಿದರು.

"ನೆಲಾ ತೋರಿಸಲಿಲ್ಲ, ಆಯಿ. ಸುಳ್ಳು ಹೇಳೂದಿಲ್ಲ. ಆಕಿ ಬಗ್ಗಿ ಒಂದು ಹಿಡಿ ತೊಗೊಂಡು ಮೂಸಿದಳು. ಆಕಿ ಮಾರಿ ಅಷ್ಟ ತೋರಿಸಿದ್ರು."

"ಮಾರಿ ಹೆಂಗಾತು?"

ಕಾಕಾ ಸ್ವಲ್ಪ ಯೋಚಿಸಿದರು. "ಮದಲನೇ ಮಳಿ ಬಿದ್ದಾಗ ನಿಮ್ಮ ಮಾರಿ ಹೆಂಗಿರ್ತೈತಿ, ಹಂಗ."

ಆಯಿ ಮೊರದಲ್ಲಿದ್ದ ಜೋಳವನ್ನು ಬೆರಳಲ್ಲಿ ಒಂದು ಸಲ ಆಡಿಸಿದಳು. "ಎರಿನ ಅದು," ಎಂದಳು. ಆಮೇಲೆ ಬಲಗೈ ಮುಂದೆ ಚಾಚಿದಳು. "ತಾ ಇನ್ನ ಹಗ್ಗ."

ಕಾಕಾ ಬಾಗಿ, ಖಾಲಿ ಮುಷ್ಟಿಯನ್ನು ಆಕೆಯ ಅಂಗೈಯ ಮೇಲೆ ಇಟ್ಟು ಬಿಚ್ಚಿದರು. ಆಯಿ ಹಗ್ಗ ಹಿಡಿದಂತೆ ಬೆರಳು ಮಡಚಿಕೊಂಡಳು.